ಸ್ಕ್ರೂ ಇಲ್ಲದ ವಾಚು

ನಮ್ಮನೆಯವರಿಗೆ ಒಂದು ವೇದವಾಕ್ಯವಿದೆ: ಬಿಚ್ಚಲು ಬಾರದ ವಸ್ತುವನ್ನು ದುಡ್ಡು ಕೊಟ್ಟು ತರಬಾರದು. ಮೈಸೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಎಂಜಿನಿಯರ್ ಆಗಿದ್ದು, ಆಮೇಲೆ ಮೆಲ್ಬರ್ನಿಗೆ ಬಂದು ಟ್ರಾಮುಗಳ ರಿಪೇರಿ ನೋಡಿಕೊಂಡು ನಿವೃತ್ತರಾದ ಮನುಷ್ಯ. ಬಾಕ್ಸ್ ಹಿಲ್‌ನ ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ. ಊರಿನ ಕನ್ನಡದವರ ಮಿಕ್ಸಿ, ಗ್ರೈಂಡರುಗಳೆಲ್ಲ ಅಲ್ಲಿ ಸಾಲಾಗಿ ಕೂತು ಎಲ್ಲರೂ ರಾಮಮೂರ್ತಿ ಅಂಕಲ್ ಎಂದು ಕರೆಯುವ ಇವರ ಕೈಗಾಗಿ ಕಾಯುತ್ತಿರುತ್ತವೆ. ಏನು ತಂದರೂ ಮೊದಲು ಬುಡಮೇಲು ಮಾಡಿ ಸ್ಕ್ರೂ ಎಲ್ಲಿದೆ ಎಂದು ನೋಡುವುದು ಇವರ ಅಭ್ಯಾಸ. ಮದುವೆಯಾದ ಹೊಸದರಲ್ಲಿ ನನ್ನಲ್ಲೂ ಹುಡುಕಿರಬೇಕು, ಸಿಕ್ಕಿರಲಿಕ್ಕಿಲ್ಲ ಎಂದು ನಾನು ಹಂಗಿಸುವುದುಂಟು.

ಅಂಥವರು ಜೀವಮಾನದಲ್ಲಿ ಒಂದೇ ಒಂದು ಸಲ ಸ್ಕ್ರೂ ಇಲ್ಲದ ವಸ್ತು ಕೊಂಡರು. ಅದು ಅಳಿಯನಿಗೆ ಕೊಟ್ಟ ವಾಚು.

ನಮ್ಮ ಒಬ್ಬಳೇ ಮಗಳು ಶಾಲಿನಿ ಕೆಲಸಕ್ಕೆಂದು ಸಿಡ್ನಿಗೆ ಹೋದವಳು ಅಲ್ಲಿ ತಾನೇ ಹುಡುಗನನ್ನು ಆರಿಸಿಕೊಂಡಳು. ಗದಗಿನ ಶಿವಪುತ್ರಪ್ಪನವರ ಮಗ ಗಿರೀಶ. ಓದಲು ಬಂದು, ಇಲ್ಲೇ ಕಾಯಂ ನೆಲೆಸುವ ಪಿಆರ್ ಸಿಕ್ಕಿ, ಕಂಪ್ಯೂಟರ್ ಕೆಲಸದಲ್ಲಿದ್ದ. ನಮ್ಮವರಿಗೆ ಮೊದಲು ಮನಸ್ಸಿರಲಿಲ್ಲ. ಜಾತಿ ಬೇರೆ ಎಂದು ಬಾಯಿ ಬಿಟ್ಟು ಹೇಳುವಷ್ಟು ಹಳಬರಲ್ಲ, ಮನಸ್ಸಿನಲ್ಲೂ ಅಂದುಕೊಳ್ಳದಷ್ಟು ಹೊಸಬರೂ ಅಲ್ಲ. "ಹುಡುಗ ಜೋಪಾನದವನೋ ಅಲ್ಲವೋ ಹೇಗೆ ಗೊತ್ತಾಗಬೇಕು, ಇಂದೂ?" ಎಂದು ನನ್ನ ಹತ್ತಿರ ಸುತ್ತಿ ಬಳಸಿ ಅದನ್ನೇ ಕೇಳುತ್ತ ಒಂದು ವರ್ಷ ತಳ್ಳಿದರು. ಕೊನೆಗೆ ಒಪ್ಪಿದರು. ಎರಡು ಸಾವಿರದ ನಾಲ್ಕರಲ್ಲಿ ಮೆಲ್ಬರ್ನಿನಲ್ಲೇ ಹಾಲ್ ಬುಕ್ ಮಾಡಿದೆವು.

"ಅಪ್ಪಾ, ಪ್ಲೀಸ್, ಗಿರೀಶ್‌ಗೆ ಒಂದು ಒಳ್ಳೆ ಡಿಸೈನರ್ ವಾಚ್ ಕೊಡು. ನಿನ್ನ ಸ್ಟೀಲ್ ಡಬ್ಬದ ಥರದ್ದು ಬೇಡ," ಎಂದಳು ಮಗಳು. ಮಗಳ ಮಾತು ಅಂದಮೇಲೆ ವೇದವಾಕ್ಯವೂ ಒಂದು ಕ್ಷಣ ಬಾಯಿ ಮುಚ್ಚಿಕೊಳ್ಳುತ್ತದೆ. ಕಾಲಿನ್ಸ್ ಸ್ಟ್ರೀಟಿನ ದೊಡ್ಡ ಅಂಗಡಿಯೊಂದಕ್ಕೆ ಮೂವರೂ ಹೋದೆವು.

ನಾನು ಸುಳ್ಳು ಹೇಳುವುದಿಲ್ಲ. ಅಂಗಡಿಯ ಹುಡುಗಿ ಬಿಳಿ ಕೈಗವಸು ಹಾಕಿಕೊಂಡು ಮಖಮಲ್ಲಿನ ಮೇಲೆ ಆ ವಾಚನ್ನು ಇಟ್ಟಾಗ ನನ್ನ ಕಣ್ಣು ಅದರ ಮೇಲೆಯೇ ನೆಟ್ಟಿತು. ಹಪ್ಪಳದಷ್ಟು ತೆಳುವು. ಮುಸ್ಸಂಜೆ ಕಳೆದು ಇನ್ನೂ ಪೂರ್ತಿ ಕತ್ತಲಾಗದ ಆಕಾಶದ ನೀಲಿ ಅದರ ಮುಖ. ಅಂಕಿಗಳಿಲ್ಲ, ಸೆಕೆಂಡಿನ ಮುಳ್ಳಿಲ್ಲ. ಎರಡೇ ಎರಡು ಚಿನ್ನದೆಳೆಯಂಥ ಮುಳ್ಳು, ಹನ್ನೆರಡಿರಬೇಕಾದ ಜಾಗದಲ್ಲಿ ಒಂದು ಬಿಳಿ ಹರಳು. ಇಂಥದ್ದನ್ನು ಮಾಡಿದ ಕೈಗಳೂ ನಮ್ಮ ಹಾಗೆ ಅನ್ನ ಕಲಸುವ ಕೈಗಳೇ ಇರಬಹುದೇ ಎಂದು ಬೆರಗಾಯಿತು. ನನ್ನ ಪಕ್ಕದಲ್ಲಿದ್ದವರು ಮಾತ್ರ ಅದನ್ನು ತಿರುವಿ ಬೆನ್ನು ನೋಡಿದರು.

"ಸ್ಕ್ರೂ ಎಲ್ಲಿ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹುಡುಗಿ ನಕ್ಕಳು. ಇದನ್ನು ಯಾರೂ ಬಿಚ್ಚುವುದಿಲ್ಲ ಸರ್, ಅಂದಳು. ಕೆಟ್ಟರೆ? ಇದು ಕೆಡುವುದಿಲ್ಲ ಸರ್. ಇವರು ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು, ಕಾರ್ಡು ತೆಗೆದರು. ಆ ಬೆಲೆಗೆ ಓಡುವ ಸ್ಥಿತಿಯ ಒಂದು ಹಳೇ ಕಾರೇ ಬರುತ್ತಿತ್ತು.

ಮದುವೆಯ ದಿನ ಮಂಟಪದಲ್ಲಿ ಅಳಿಯನ ಕೈಗೆ ತಾವೇ ಅದನ್ನು ಕಟ್ಟಿದರು. ಕಟ್ಟಿ ಸುಮ್ಮನಿರಬೇಕೋ ಬೇಡವೋ? ಹಾಲ್ ಪೂರ್ತಿ ಕೇಳುವ ಹಾಗೆ, "ಗಿರೀಶ್, ಈ ವಾಚನ್ನ ನೀವು ಹೇಗೆ ನೋಡ್ಕೋತೀರೋ ನೋಡಿ, ನನ್ನ ಮಗಳನ್ನ ಹೇಗೆ ನೋಡ್ಕೋತೀರಿ ಅಂತ ನನಗೆ ಗೊತ್ತಾಗತ್ತೆ," ಎಂದರು. ಎಲ್ಲರೂ ನಕ್ಕರು. ಗಿರೀಶ ನಗಲಿಲ್ಲ. "ಆತ್ರಿ ಮಾವಾರ," ಎಂದು ಎರಡೂ ಕೈ ಜೋಡಿಸಿದ.

ಅಲ್ಲಿಂದ ಮುಂದೆ ಅವರು ಹಬ್ಬಕ್ಕೆಂದು ಬಂದು ಹೋದಾಗಲೆಲ್ಲ ನಮ್ಮವರು ಮೊದಲು ನೋಡುತ್ತಿದ್ದುದು ಮಗಳ ಮುಖವನ್ನಲ್ಲ, ಅಳಿಯನ ಮಣಿಕಟ್ಟನ್ನು. ವಾಚು ಅಲ್ಲೇ ಇರುತ್ತಿತ್ತು. ಗೀರಿಲ್ಲ, ಮಸುಕಿಲ್ಲ, ಟೈಮು ಸರಿ. "ಪರವಾಗಿಲ್ಲ, ಜೋಪಾನದವರು," ಎಂದು ನನ್ನ ಕಿವಿಯಲ್ಲಿ ಹೇಳಿ ಅಡಿಗೆಮನೆಗೆ ಕಾಫಿ ಕೇಳಲು ಬರುತ್ತಿದ್ದರು.

ಎರಡು ಸಾವಿರದ ಏಳರಲ್ಲಿ ಶಾಲಿನಿಗೆ ಹೆಣ್ಣುಮಗು ಹುಟ್ಟಿತು. ನಾಮಕರಣಕ್ಕೆಂದು ಸಿಡ್ನಿಗೆ ಹೊರಟೆವು. ಇವರಿಗೆ ರೈಲೇ ಆಗಬೇಕು, ಹಾಗಾಗಿ ಹಗಲೆಲ್ಲ ಕೂತು ಹೋದೆವು. ವೆಸ್ಟ್‌ಮೀಡ್‌ನ ಅವರ ಫ್ಲ್ಯಾಟಿನಲ್ಲಿ ಎರಡು ವಾರ ಇರುವುದೆಂದಾಯಿತು. ಅಷ್ಟು ದಿನ ಅಳಿಯನ ಜೊತೆ ಒಂದೇ ಸೂರಿನಡಿ ನಾವು ಇದ್ದದ್ದೇ ಇಲ್ಲ. ಗಿರೀಶ ಅಷ್ಟೂ ದಿನ ರಜೆ ಹಾಕಿದ್ದ.

ಎರಡನೇ ದಿನವೇ ನಮ್ಮವರು ನನ್ನನ್ನು ಬಾಲ್ಕನಿಗೆ ಕರೆದರು. ಮುಖ ಗಂಭೀರವಾಗಿತ್ತು.

"ಇಂದೂ, ಅಳಿಯಂದ್ರು ಘಳಿಗೆಗೊಂದ್ಸಲ ಬಾತ್‌ರೂಮಿಗೆ ಹೋಗ್ತಾರೆ. ಗಮನಿಸಿದೆಯಾ?"

"ಅಯ್ಯೋ, ಅದನ್ನೆಲ್ಲ ಯಾರಾದ್ರೂ ಲೆಕ್ಕ ಇಡ್ತಾರಾ? ನಿಮಗೆ ಬೇರೆ ಕೆಲಸ ಇಲ್ವಾ?"

"ಶುಗರ್ ಕಣೇ. ನನಗೆ ಶುರುವಾಗಿದ್ದೂ ಹೀಗೇ. ಚಿಕ್ಕ ವಯಸ್ಸು, ಮನೇಲಿ ಕೂಸು. ಹೇಳಿಕೊಳ್ಳೋಕೆ ನಾಚಿಕೆ ಇರಬೇಕು ಪಾಪ."

ನಾನು ತಳ್ಳಿಹಾಕಿದೆ. ಆದರೆ ಆಮೇಲೆ ನನ್ನ ಕಣ್ಣೂ ಅತ್ತಲೇ ಹೋಗತೊಡಗಿತು. ನಿಜವೇ. ತಿಂಡಿಗೆ ಕೂತವನು ಎದ್ದು ಹೋಗುತ್ತಾನೆ. ಟಿವಿ ನೋಡುತ್ತಿದ್ದವನು ಎದ್ದು ಹೋಗುತ್ತಾನೆ. ಹೋಗುವಾಗ ಮೊಬೈಲು ಕೈಯಲ್ಲಿ. ಅರೆನಿಮಿಷಕ್ಕೆ ವಾಪಸ್ಸು. ಇಷ್ಟು ಬೇಗ ಮುಗಿಯುವ ಶುಗರ್ ಯಾವುದಪ್ಪ ಎಂದು ನನಗೂ ಹುಳ ಹೊಕ್ಕಿತು.

ಮಾರನೇ ದಿನ ಬೆಳಿಗ್ಗೆ ನಮ್ಮವರು ತಮ್ಮ ಶುಗರ್ ನೋಡುವ ಮಷೀನು ಹಿಡಿದುಕೊಂಡು ಅಳಿಯನ ಎದುರು ಕೂತೇಬಿಟ್ಟರು. ಶಾಲಿನಿ ಒಳಗೆ ಮಗುವಿಗೆ ಹಾಲು ಕುಡಿಸುತ್ತಿದ್ದಳು.

"ಬೆರಳು ಕೊಡಿ ಗಿರೀಶ್."

"ಶುಗರ್ ಗಿಗರ್ ಏನಿಲ್ರಿ ಮಾವಾರ. ನಾ ಆರಾಮ ಅದೀನಿ."

"ಎಲ್ಲರೂ ಮೊದಲು ಹಾಗೇ ಅನ್ನೋದು. ಕೊಡಿ."

ಚುಚ್ಚಿದರು. ರಕ್ತ ಸಾಲಲಿಲ್ಲ. ಮತ್ತೆ ಚುಚ್ಚಿದರು. ರಕ್ತ ತಾಗಿಸುವ ಪಟ್ಟಿ ಕೆಟ್ಟಿತು. ಇನ್ನೊಂದು ತೆಗೆದರು. ನಡುವೆ ಶುಗರ್ ಬಗ್ಗೆ ಪುರಾಣ: ಅನ್ನ ಬಿಡಬೇಕು, ರೊಟ್ಟಿ ಆಗಬಹುದು, ವಾಕಿಂಗ್ ತಪ್ಪಿಸಬಾರದು. ಗಿರೀಶ ಎದ್ದು ಹೋಗಲು ಎರಡು ಸಲ ನೋಡಿದ, ಇವರು ಕೈ ಬಿಡಲಿಲ್ಲ. ಕೊನೆಗೂ ಬಂದ ಅಂಕಿ ನೋಡಿ ಇವರಿಗೆ ಸ್ವಲ್ಪ ನಿರಾಸೆಯೇ ಆಯಿತೆಂದು ಕಾಣುತ್ತದೆ. ಶುಗರ್ ಸರಿಯಾಗಿತ್ತು. ಹಾಗಾದರೆ ನಾಡಿಯಾದರೂ ನೋಡೋಣ ಎಂದು ಮಣಿಕಟ್ಟು ಹಿಡಿದು, ಸೆಕೆಂಡು ಎಣಿಸಲು ಗೋಡೆ ಗಡಿಯಾರದ ಕಡೆ ಕತ್ತೆತ್ತಿದರು. ಆಮೇಲೆ ಕೆಳಗೆ ಮಣಿಕಟ್ಟು ನೋಡಿದರು. ಮತ್ತೆ ಗೋಡೆ. ಮತ್ತೆ ಮಣಿಕಟ್ಟು.

"ಅರ್ಧ ಗಂಟೆ ಹಿಂದಿದೆಯಲ್ಲಪ್ಪ ಇದು."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಗಿರೀಶ ಇನ್ನೊಂದು ಕೈಯಿಂದ ವಾಚು ಮುಚ್ಚಿಕೊಂಡ. ಶಾಲಿನಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಬಂದಿದ್ದಳು.

"ಅಪ್ಪಾ, ಬೈಬೇಡ. ಅದು ನಿಂತು ಯಾವ್ ಕಾಲ ಆಯ್ತೋ," ಎಂದಳು.

ಗಿರೀಶ ತಲೆ ತಗ್ಗಿಸಿಕೊಂಡೇ ಹೇಳಿದ: "ಮದ್ವಿ ಆದ ವರ್ಷಾನ ನಿಂತು ಹೋತ್ರಿ ಮಾವಾರ. ಇಲ್ಲೇ ಸಿಟಿಯೊಳಗ ಅವರ ಸರ್ವಿಸ್ ಸೆಂಟರಿಗೆ ಒಯ್ದಿದ್ದೆ. ಇದನ್ನ ಬಿಚ್ಚಾಕ ಬರೂದಿಲ್ಲ, ಅಂಟು ಹಾಕಿ ಮುಚ್ಚೇವಿ ಅಂದ್ರು. ಇದನ್ನ ಇಲ್ಲೇ ಒಗದು ಹೋಗ್ರಿ, ವಾರಂಟಿ ಐತಿ, ಹಿಂಗ ಇರೂ ಹೊಸಾದು ಪುಕ್ಕಟ ಕೊಡ್ತೀವಿ ಅಂದ್ರು."

"ಇದೇ ಥರದ್ದು? ಹೊಸದು?" ಎಂದರು ಇವರು.

"ಹೌದ್ರಿ. ಥೇಟ್ ಇಂಥದ್ದ."

"ಮತ್ತೆ ತಗೋಬೇಕಿತ್ತಲ್ಲಪ್ಪ! ನನಗೆ ಗೊತ್ತೇ ಆಗ್ತಿರಲಿಲ್ಲ."

"ನಿಮಗ ಗೊತ್ತಾಗ್ತಿರ್ಲಿಲ್ರಿ. ನನಗ ಗೊತ್ತಿರ್ತಿತ್ತಲ್ರಿ," ಎಂದ ಗಿರೀಶ. "ನೀವು ಕಟ್ಟಿದ್ದು ಇದು. ಅದನ್ನ ಯಾರೋ ಅಂಗಡ್ಯಾಗ ಕೊಟ್ಟಿದ್ದು ಆಗ್ತಿತ್ತು. ವಾಚ್ ನೋಡ್ಕೊಂಡಂಗ ಮಗಳನ್ನ ನೋಡ್ಕೋತೀರಿ ಅಂತ ಅಷ್ಟು ಮಂದಿ ಮುಂದ ಅಂದಿದ್ರಿ. ವರ್ಷ ತುಂಬೂದ್ರಾಗ ನಿಂತೈತಿ ಅಂತ ಯಾವ ಬಾಯಿಲೆ ಹೇಳ್ಲಿರಿ?"

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಮೇಲೆ ಥಳುಕು, ಒಳಗೆ ಹುಳುಕು ಎಂಬ ಹಾಗೆ ಕಣ್ಣು ಕುಕ್ಕುವಂಥದ್ದು ಮಾಡಿ ಕಾಸು ಕಿತ್ತವರ ಮೇಲೆ ಸಿಟ್ಟು. ಮಂಟಪದಲ್ಲಿ ಬಾಯಿಗೆ ಬಂದದ್ದು ಆಡಿದ ನನ್ನ ಗಂಡನ ಮೇಲೂ ಸಿಟ್ಟು. ಎರಡನ್ನೂ ನುಂಗಿಕೊಂಡು, "ಹಾಗಾದ್ರೆ ನಾವು ಜೊತೆಗಿದ್ದಾಗೆಲ್ಲ ಬಾತ್‌ರೂಮಿಗೆ ಹೋಗಿ, ಮೊಬೈಲ್ ನೋಡಿ ಮುಳ್ಳು ತಿರುಗಿಸ್ತಿದ್ದೀರಾ?" ಎಂದು ಕೇಳಿದೆ.

ಶಾಲಿನಿ ತಲೆಯಾಡಿಸಿದಳು. "ನೀವು ಇದ್ದಾಗ ಮಾತ್ರ ಅಲ್ಲಮ್ಮ. ದಿನಾ ಅದನ್ನೇ ಕಟ್ಕೊಂಡು ಆಫೀಸಿಗೆ ಹೋಗ್ತಾರೆ. ಟ್ರೇನಲ್ಲಿ ಕೂತ್ಕೊಂಡು ಪ್ರತಿ ಸ್ಟೇಷನ್ನಿಗೂ ಟೈಮ್ ಸೆಟ್ ಮಾಡ್ತಾರೆ. ನಾನು ಎಷ್ಟೋ ಸಲ ನಕ್ಕಿದೀನಿ."

"ನಾವಿಲ್ಲದಾಗ ಯಾಕಪ್ಪ? ಯಾರು ನೋಡ್ತಾರೆ?" ಎಂದೆ ನಾನು.

ಗಿರೀಶನಿಗೆ ಈ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸಿದಂತಿತ್ತು. "ನಿಂತದ್ದನ್ನ ಹಂಗ ಕಟ್ಕೊಂಡು ಅಡ್ಡ್ಯಾಡಬಾರದಲ್ರಿ ಅತ್ತಿ," ಎಂದ. "ಅದು ತಾನಾಗಿ ನಡೀಲಿಲ್ಲಂದ್ರ ನಾವರ ನಡಸಬೇಕಲ್ರಿ."

ನಮ್ಮವರು ಎದ್ದು ತಮ್ಮ ಬ್ಯಾಗಿನಿಂದ ಪುಟ್ಟ ಟೂಲ್ ಡಬ್ಬಿ ತಂದರು. ಈ ಮನುಷ್ಯ ಕಾಶಿಗೆ ಹೋದರೂ ಗಂಗಾಜಲದ ತಂಬಿಗೆ ಮರೆತಾರು, ಆ ಡಬ್ಬಿ ಮರೆಯುವುದಿಲ್ಲ. ಕೈ ಚಾಚಿದರು. ಗಿರೀಶ ವಾಚು ಬಿಚ್ಚಿ ಕೊಟ್ಟ. ಕಿಟಕಿಯ ಬೆಳಕಿಗೆ ಹಿಡಿದು, ಕಣ್ಣಿಗೆ ಭೂತಗನ್ನಡಿ ಇಟ್ಟು, ಬೆನ್ನು ನೋಡಿದರು, ಅಂಚು ನೋಡಿದರು. ಒಂದು ಸಂದಿಲ್ಲ, ಒಂದು ಕಚ್ಚಿಲ್ಲ.

"ಇಷ್ಟು ಚಂದ ಮಾಡೋಕೆ ಬಂದವರಿಗೆ ಒಂದು ಸ್ಕ್ರೂ ಇಡೋಕೆ ಬರಲಿಲ್ಲವೇ?" ಎಂದರು. ಕೇಳಿದ್ದು ನಮ್ಮನ್ನಲ್ಲ. "ಸಾಲದ್ದಕ್ಕೆ, ಕೆಟ್ಟರೆ ಒಗೆದು ಹೋಗಿ ಅಂತಾರಂತೆ. ಆಯ್ತು, ಗಾಜನ್ನೇ ಎಬ್ಬಿಸ್ತೀನಿ."

ಸಣ್ಣ ಬ್ಲೇಡು ತೆಗೆದು ಗಾಜಿನ ಅಂಚಿಗೆ ಇಟ್ಟರು. ಒತ್ತಬೇಕು ಅನ್ನುವಾಗ ಅವರ ಕೈ ನಿಂತಿತು. ಭೂತಗನ್ನಡಿಯನ್ನು ಇನ್ನಷ್ಟು ಹತ್ತಿರ ತಂದರು. ನೋಡುತ್ತಲೇ ಇದ್ದರು. ಆಮೇಲೆ ಬ್ಲೇಡು ಕೆಳಗಿಟ್ಟು, "ಇಂದೂ, ಇಲ್ಲಿ ನೋಡು," ಎಂದು ಭೂತಗನ್ನಡಿ ನನಗೆ ಕೊಟ್ಟರು.

ಅವರು ತೋರಿಸಿದ್ದು ವಾಚಿನ ಪಕ್ಕದಲ್ಲಿ ಮುಳ್ಳು ತಿರುಗಿಸಲು ಇರುವ ಕೀಯನ್ನು. ವಾಚಿನ ಮೈಮೇಲೆಲ್ಲ ಚಿನ್ನದ ಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ಆ ಕೀಯಲ್ಲಿ ಮಾತ್ರ ಒಂದು ಚೂರೂ ಚಿನ್ನ ಉಳಿದಿರಲಿಲ್ಲ. ಬೆರಳಿಗೆ ಹಿಡಿತ ಸಿಗಲೆಂದು ಸುತ್ತಲೂ ಕೊರೆದಿದ್ದ ಗೆರೆಗಳು ಕೂಡ ಸವೆದು, ಒಳಗಿನ ಬೂದು ಲೋಹ ದೇವರಮನೆಯ ಹಳೇ ಗಂಟೆಯ ಹಿಡಿಯ ಹಾಗೆ ನುಣ್ಣಗಾಗಿತ್ತು.

"ಬ್ಯಾಟರಿ ವಾಚಿನ ಕೀ ಯಾರೂ ಮುಟ್ಟಲ್ಲ ಕಣೇ," ಎಂದರು ನಮ್ಮವರು. ಅವರ ಧ್ವನಿ ಇಳಿದಿತ್ತು. "ಬೇಸಿಗೆಗೆ ಗಡಿಯಾರ ಒಂದು ಗಂಟೆ ಮುಂದಿಡೋ ಡೇಲೈಟ್ ಸೇವಿಂಗ್ ಶುರುವಾದಾಗ ಒಂದ್ಸಲ, ಮುಗಿದಾಗ ಒಂದ್ಸಲ. ಲೋಹ ಇಷ್ಟು ಸವೀಬೇಕಾದ್ರೆ..." ನಲವತ್ತು ವರ್ಷ ಚಕ್ರ, ಅಚ್ಚು, ಬೇರಿಂಗುಗಳ ಸವೆತ ನೋಡಿದ ಮನುಷ್ಯ. ಯಾವುದು ಎಷ್ಟು ತಿರುಗಿದೆ ಎಂದು ಮುಟ್ಟಿ ಹೇಳುತ್ತಿದ್ದರು. ಈ ಕೀಯ ಮೇಲೂ ಹೆಬ್ಬೆರಳು ಆಡಿಸಿದರು.

ನಾನೂ ಮುಟ್ಟಿದೆ. ಕಾಲಿನ್ಸ್ ಸ್ಟ್ರೀಟಿನ ಮಖಮಲ್ಲಿನ ಮೇಲೆ ಇದನ್ನು ಕಂಡು ಬೆರಗಾಗಿದ್ದೆನಲ್ಲ, ಅದು ಏನೂ ಅಲ್ಲ ಅನ್ನಿಸಿತು. ನಮ್ಮ ಎದುರು ಚುಚ್ಚಿಸಿಕೊಂಡ ಬೆರಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದ ಈ ಹುಡುಗನನ್ನು ನಾನು ಅಷ್ಟು ದಿನ ನೋಡಿಯೇ ಇರಲಿಲ್ಲ.

"ಬಿಚ್ಚಲ್ವಾ ಅಪ್ಪಾ?" ಶಾಲಿನಿ ಕೇಳಿದಳು.

"ಬೇಡ. ಒಳಗೆ ಮುಳ್ಳು ತಿರುಗಿಸೋ ಹಲ್ಲುಚಕ್ರಗಳಷ್ಟೇ ಇನ್ನೂ ಕೆಲಸ ಮಾಡ್ತಿರೋದು. ನಾನು ಬ್ಲೇಡ್ ಹಾಕಿ ಅದನ್ನೂ ಕೆಡಿಸಿದ್ರೆ?" ಎಂದರು. ಎದುರಿಗೆ ಬಂದ ಕೆಟ್ಟ ವಸ್ತುವನ್ನು ಬಿಚ್ಚದೆ ಬಿಟ್ಟದ್ದನ್ನು ನಾನು ಅವರ ಜೊತೆ ಬಾಳಿದ ಇಷ್ಟು ವರ್ಷದಲ್ಲಿ ಕಂಡಿರಲಿಲ್ಲ. ತಾವೇ ಎದ್ದು ಅಳಿಯನ ಕೈಗೆ ಅದನ್ನು ಮತ್ತೆ ಕಟ್ಟಿದರು. ಈ ಸಲ ಏನೂ ಹೇಳಲಿಲ್ಲ. ಗಿರೀಶ ಕಣ್ಣೊರೆಸಿಕೊಂಡು, ಇನ್ನು ಬಾತ್‌ರೂಮಿಗೆ ಹೋಗಬೇಕಿಲ್ಲವೆಂದು, ಅಲ್ಲೇ ಎಲ್ಲರೆದುರು ಗೋಡೆ ಗಡಿಯಾರ ನೋಡಿ ಮುಳ್ಳು ಸರಿ ಮಾಡಿಕೊಂಡ.

ನಾಮಕರಣ ಚೆನ್ನಾಗಿ ನಡೆಯಿತು. ಮಗುವಿಗೆ ಊರ್ಮಿಳಾ ಎಂದು ಹೆಸರಿಟ್ಟೆವು. ಪುರೋಹಿತರು ಮುಹೂರ್ತಕ್ಕೆ ಟೈಮೆಷ್ಟು ಎಂದು ಕೇಳಿದಾಗ ನಮ್ಮವರು, "ನಮ್ಮ ಅಳಿಯಂದ್ರ ವಾಚಲ್ಲಿ ನೋಡಿ," ಎಂದರು.

ಹೊರಡುವ ದಿನ ಸೆಂಟ್ರಲ್ ಸ್ಟೇಷನ್ನಿಗೆ ಎಲ್ಲರೂ ಬಂದರು. ಗಿರೀಶನ ಎರಡೂ ಕೈಯಲ್ಲಿ ನಮ್ಮ ಸೂಟ್‌ಕೇಸುಗಳು, ಕುತ್ತಿಗೆಗೆ ಮಗುವಿನ ಬ್ಯಾಗು. ಬೋಗಿಯ ಬಾಗಿಲ ಹತ್ತಿರ ನಮ್ಮವರು ಅವನನ್ನು ನಿಲ್ಲಿಸಿದರು. ಸೂಟ್‌ಕೇಸು ಕೆಳಗಿಡಿಸಲೂ ಇಲ್ಲ. ಹಾಗೇ ಬಗ್ಗಿ ಅವನ ಮಣಿಕಟ್ಟು ಹಿಡಿದು, ತಲೆಯೆತ್ತಿ ಸ್ಟೇಷನ್ನಿನ ದೊಡ್ಡ ಗಡಿಯಾರ ನೋಡಿದರು. ಆ ಸವೆದ ಕೀಯನ್ನು ಉಗುರಿನಿಂದ ಮೆಲ್ಲಗೆ ಎಳೆದು, ಮುಳ್ಳನ್ನು ಚೂರುಚೂರೇ ಮುಂದೆ ತಂದು, ಒತ್ತಿ ಕೂರಿಸಿದರು. ಕನ್ನಡಕದೊಳಗೆ ಅವರ ಕಣ್ಣು ತುಂಬಿತ್ತು.

ಆಮೇಲೆ ಮಗಳ ಕಡೆ ತಿರುಗಿದರು.

"ಶಾಲಿನಿ, ಅವರ ಕೈ ಹೀಗೆ ತುಂಬಿರುವಾಗ ನೀನು ತಿರುಗಿಸು," ಎಂದರು.

ಶಾಲಿನಿ ನಗಲಿಲ್ಲ. "ಆಯ್ತಪ್ಪಾ," ಎಂದಳು.