ಹೋಗುವ ದಾರಿ, ಬರುವ ದಾರಿ

"ಈಗ ನೋಡು, ಈಗ," ಎನ್ನುತ್ತ ವಿರೂಪಾಕ್ಷ ಮಾಸ್ತರರು ಸ್ಟೇರಿಂಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದರು. ಸವದತ್ತಿ ದಾಟಿ ಹೂಲಿಯ ಕಡೆ ಹೊರಳಿದ ಮೇಲೆ ಸಿಗುವ ಮೊದಲನೆಯ ದೊಡ್ಡ ತಗ್ಗು ಅದು. ಕಾರು ಇಳಿಯಿತು, ಏರಿತು. ಹೊಟ್ಟೆ ನೆಲಕ್ಕೆ ತಾಗುವ ಕರಕರ ಸದ್ದು ಬರಲಿಲ್ಲ. "ಹೊಯ್ದಾಡಲಿಲ್ಲ ನೋಡು! ಪಟ್ಟಿ ಹಿಡದು ಗೆರಿ ಹೊಡದಂಗ ಹೋತು. ಹೆಂಗನಿಸ್ತು?"

ಪಕ್ಕದಲ್ಲಿ ಹೆಂಡತಿ ಅನ್ನಪೂರ್ಣಾ ಬಾಗಿಲ ಮೇಲಿನ ಹಿಡಿಕೆಗೆ ಜೋತುಬಿದ್ದಂತೆ ಕುಳಿತಿದ್ದಳು. ಸೊಂಟದಿಂದ ಎದ್ದ ನೋವು ಹೆಗಲಿನವರೆಗೆ ಹೋಗಿ ನಿಂತಿತ್ತು. ಅದು ಇಳಿಯಲಿ ಎಂದು ಒಂದು ಗಳಿಗೆ ಕಾದು, "ಭಾಳ ಚೊಲೊ ಆಗೇತ್ರಿ," ಎಂದಳು.

ಮಾಸ್ತರರ ಮುಖ ಅರಳಿತು. ಮುಂದಿನ ತಗ್ಗಿಗೆ ಅವರು ಹುಡುಗರ ಹಾಗೆ ಕಾಯತೊಡಗಿದರು.

ಎರಡು ವರ್ಷದ ಹಿಂದೆ ಬಚ್ಚಲಮನೆಯ ಮೆಟ್ಟಿಲಲ್ಲಿ ಜಾರಿ ಬಿದ್ದಾಗಿನಿಂದ ಅವಳ ಬೆನ್ನು ಮೊದಲಿನಂತಿರಲಿಲ್ಲ. ನಡೆಯಬಹುದು, ಅಡಿಗೆ ಮಾಡಬಹುದು, ಆದರೆ ಕುಲುಕಾಟ ಆಗದು ಎಂದಿದ್ದರು ಡಾಕ್ಟರು. ಉಳಿದ ಯಾವ ಪ್ರಯಾಣ ಬಿಟ್ಟರೂ ಅವಳಿಗೆ ನಡೆಯುತ್ತಿತ್ತು. ಸೋಮವಾರದ ಹೂಲಿ ಒಂದನ್ನು ಮಾತ್ರ ಬಿಡುವಂತಿರಲಿಲ್ಲ. ಅಲ್ಲಿ ಅವಳ ಅಕ್ಕ ಗುರವ್ವ ಇದ್ದಳು. ಅವಳಿಗಿಂತ ಹನ್ನೊಂದು ವರ್ಷ ದೊಡ್ಡವಳು. ಬೆಳಕು ಯಾವುದು, ಬಾಗಿಲಲ್ಲಿ ನಿಂತ ಮನುಷ್ಯ ಯಾವುದು ಎನ್ನುವಷ್ಟು ಮಾತ್ರ ಅವಳ ಕಣ್ಣಿಗೆ ಈಗ ಕಾಣುತ್ತಿತ್ತು. ಕೈ ಮಾತ್ರ ಸುಮ್ಮನಾಗಿರಲಿಲ್ಲ. ಹಳೆಯ ಸೀರೆಯ ತುಂಡುಗಳನ್ನು ಸವರಿ ಸವರಿ ಜೋಡಿಸಿ ಕೌದಿ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸುವುದೊಂದು ಆಗುತ್ತಿರಲಿಲ್ಲ. ಸೊಸೆ ಪೂನಮ್ ಪೋಣಿಸಿಕೊಡುತ್ತೇನೆಂದರೆ, "ಬ್ಯಾಡವಾ, ಅದು ನಮ್ಮ ಅನ್ನಿ ಕೆಲಸ," ಎನ್ನುತ್ತಿದ್ದಳು. ದಿನಕ್ಕೆ ಮೂರರಂತೆ ವಾರಕ್ಕೆ ಇಪ್ಪತ್ತೊಂದು ಸೂಜಿ. ಅನ್ನಪೂರ್ಣಾ ಪೋಣಿಸಿ ಪೋಣಿಸಿ ಅರಿವೆಯ ದಿಂಬಿಗೆ ಚುಚ್ಚುತ್ತ ಹೋದಂತೆ ಅಕ್ಕ ತಂಗಿಯರ ಮಾತು ಮಧ್ಯಾಹ್ನದವರೆಗೆ ಸಾಗುತ್ತಿತ್ತು.

ಬೈಲಹೊಂಗಲದ ಪೇಟೆಯಲ್ಲಿ ತಕರಾರಿಲ್ಲದೆ ಓಡುತ್ತಿದ್ದ ಅವರ ಬಿಳಿಯ ಕಾರು ಹೂಲಿಯ ರಸ್ತೆಗೆ ತೀರಾ ತಗ್ಗು. ಹೊಟ್ಟೆ ತಾಗುತ್ತಿತ್ತು, ದೋಣಿಯಂತೆ ತೂಗುತ್ತಿತ್ತು. ಮಾಸ್ತರರು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚಿತ್ರಕಲೆ ಕಲಿಸಿದವರು. ಫೋನಿನಲ್ಲಿ ವಿಡಿಯೋ ನೋಡುತ್ತ ನೋಟ್‌ಬುಕ್ಕಿನಲ್ಲಿ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳ ಚಿತ್ರ ಬರೆದು, ಬಣ್ಣವನ್ನೂ ತುಂಬಿದರು. ಆಮೇಲೆ ಕಿತ್ತೂರಿನ ಹೈವೇ ಪಕ್ಕದ ಶಟ್ಟೆಪ್ಪನ ಗ್ಯಾರೇಜಿನಲ್ಲಿ ಮೂರು ದಿನ ಸ್ಟೂಲು ಹಾಕಿಕೊಂಡು ಕುಳಿತರು.

ಮೊದಲ ದಿನ ಅನ್ನಪೂರ್ಣಾ ಕೂಡ ಹೋಗಿದ್ದಳು. ಶಟ್ಟೆಪ್ಪ ಕೈ ಒರೆಸಿಕೊಳ್ಳುತ್ತ, "ಮಾಸ್ತರ, ಡಿಕ್ಕಿಯೊಳಗ ಏನರ ಹೇರತೀರೇನ್ರಿ?" ಎಂದು ಕೇಳಿದ್ದ.

"ಸುಗ್ಗಿ ಮುಗದೈತಲ್ಲ. ಇಕಿ ಪಾಲಿನ ಜೋಳ ಎಂಟು ಚೀಲ ಹೂಲಿಯೊಳಗ ಅದಾವು. ವಾರಕ್ಕ ಎರಡರಂಗ ತರೂದು."

"ಹಂಗಾರ ತಿಳೀತು ಬಿಡ್ರಿ. ಈ ಕಡಿ ಮಂದಿದು ಎಲ್ಲಾರ್ದೂ ಒಂದ ಕತಿ. ಮಾಲು ಹೇರಿದ್ರೂ ಗಾಡಿ ಕುಂದರಬಾರದು, ಹೊಯ್ದಾಡಬಾರದು. ಎತ್ತರಂದು, ಗಟ್ಟಿದು ಹಾಕ್ತೇನಿ."

"ಅಷ್ಟ, ಅಷ್ಟ," ಎಂದಿದ್ದರು ಮಾಸ್ತರರು. ಹೆಂಡತಿಯ ಸೊಂಟದ ಮಾತನ್ನು ಗ್ಯಾರೇಜಿನಲ್ಲಿ ನಾಲ್ಕು ಜನರ ಮುಂದೆ ಎತ್ತಲು ಅವರಿಗೆ ಸಂಕೋಚ. ಅವಳಿಗೂ ಸಂಕೋಚವೇ. ಶಟ್ಟೆಪ್ಪ ತನ್ನ ಕುರ್ಚಿಯನ್ನು ನೆರಳಿಗೆ ಎಳೆದು, ಒರೆಸಿ, "ಕುಂದರ್ರಿ ಅಕ್ಕಾರ," ಎಂದದ್ದು ಅವಳಿಗೆ ನೆನಪಿತ್ತು.

ಆಮೇಲೆ ಇದು ಮೂರನೆಯ ಸೋಮವಾರ. ಅನ್ನಪೂರ್ಣಾಳಿಗೆ ಒಂದೂ ತಿಳಿಯದಂತಾಗಿತ್ತು. ಹೋಗುವಾಗ ಪ್ರತಿಯೊಂದು ಕಲ್ಲೂ ಬೆನ್ನಿಗೆ ಗುದ್ದುತ್ತಿತ್ತು, ಮೊದಲಿಗಿಂತ ಹೆಚ್ಚು. ಬರುವಾಗ ಅದೇ ರಸ್ತೆ, ಅದೇ ತಗ್ಗು, ಅದೇ ಕಾರು. ನಿದ್ದೆ ಬರುವಷ್ಟು ಹಗುರ. ಆಗ ಮಾಸ್ತರರು ಕೇಳಿದರೆ ಅವಳು ಹೇಳುವ "ಚೊಲೊ ಐತಿ" ನಿಜವೇ ಆಗಿರುತ್ತಿತ್ತು. ಹಾಗಾದರೆ ಬೆಳಗಿನದು ಸುಳ್ಳೆ? ಬೆಳಗಿನ ತಂಪಿಗೆ ಎಲುಬು ಬಿಗಿದಿರಬಹುದೆಂದು ಬಿಸಿನೀರಿನ ಚೀಲ ಇಟ್ಟುಕೊಂಡಳು. ಮಗ್ಗುಲು ಬದಲಿಸಿ ಕುಳಿತಳು. ಕೊನೆಗೆ ಒಂದು ಕೆಟ್ಟ ವಿಚಾರ ಬಂತು. ವಾರ ವಾರಕ್ಕೆ ಮಬ್ಬಾಗುತ್ತಿರುವ ಅಕ್ಕನ ಕಣ್ಣು ನೋಡಲು ತನಗೇ ಮನಸ್ಸಿಲ್ಲವೋ ಏನೋ, ಅದಕ್ಕೇ ಮೈ ಹೀಗೆ ನೆಪ ಹೂಡುತ್ತಿದೆಯೋ ಏನೋ. ಹಾಗೆ ಅನಿಸಿದ ರಾತ್ರಿ ಊಟ ಸೇರಲಿಲ್ಲ.

ನೆಪವಿರಲಿ, ನಿಜವಿರಲಿ, ಇನ್ನು ಆಗದು. ಗಂಡನ ಮುಂದೆ ಹೇಳುವಂತಿಲ್ಲ. ಆ ಬಣ್ಣದ ಸ್ಪ್ರಿಂಗುಗಳ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ಅಕ್ಕನಿಗಾದರೂ ಇವತ್ತು ಹೇಳಿಬಿಡಬೇಕು, ಇನ್ನು ಮೂರು ವಾರಕ್ಕೊಮ್ಮೆ ಬಂದೇನು ಎಂದು.

ಹೂಲಿ ಮುಟ್ಟಿದಾಗ ಗುರವ್ವ ಪಡಸಾಲೆಯಲ್ಲಿ ಕೌದಿ ಹರವಿಕೊಂಡು ಕುಳಿತಿದ್ದಳು. ಪೂನಮ್ ಚಹಾ ತಂದವಳು, ಅನ್ನಪೂರ್ಣಾಳ ಬೆನ್ನಿಗೊಂದು ದಿಂಬು ಒತ್ತಿ ಹೋದಳು. ಮಾಸ್ತರರು ಹೊರಗೆ ಕಟ್ಟೆಯ ಮೇಲೆ ಗುರವ್ವನ ಮಗ ಗೌರೀಶನಿಗೆ ನೋಟ್‌ಬುಕ್ ತೆರೆದು ಸಸ್ಪೆನ್ಷನ್ ವಿವರಿಸತೊಡಗಿದರು.

ಅನ್ನಪೂರ್ಣಾ ಪೇಟೆಯಿಂದ ತಂದ ಹೊಸ ಸೂಜಿಯ ಪೊಟ್ಟಣಗಳನ್ನು ಬಿಚ್ಚಿದಳು. ಪೋಣಿಸಿದಳು, ಚುಚ್ಚಿದಳು. ಬಾಯಿಗೆ ಬಂದ ಮಾತು ಪ್ರತಿ ಸಲವೂ ದಾರದ ತುದಿಯೊಂದಿಗೆ ತುಟಿಯಲ್ಲೇ ಉಳಿಯಿತು. ಎಲ್ಲ ಮುಗಿಸಿ ಸೂಜಿಯ ದಿಂಬನ್ನು ಅಕ್ಕನ ತೊಡೆಯ ಮೇಲಿಟ್ಟಳು.

ಗುರವ್ವನ ಬೆರಳು ಸೂಜಿಗಳ ಮೇಲೆ ಆಡಿತು. ಒಂದು ಸಾಲು, ಎರಡು ಸಾಲು. ನಿಂತಿತು.

"ಎಷ್ಟು ಪೋಣಿಸೀಯವಾ?"

"ಅರವತ್ತಮೂರು."

"ಮೂರು ವಾರದ್ದು." ಗುರವ್ವ ಸೂಜಿಗಳ ಮೇಲಿಂದ ಕೈ ತೆಗೆದಳು. "ಎಲ್ಲಿ ಹೊಂಟಿ, ಕಾಶಿಗೇನು?"

ಅನ್ನಪೂರ್ಣಾಳಿಗೆ ಇನ್ನು ತಡೆಯಲಾಗಲಿಲ್ಲ. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಎಲ್ಲ ಹೇಳಿದಳು. ಹೋಗುವಾಗಿನ ನೋವು, ಬರುವಾಗಿನ ಹಗುರ. "ನನಗ ಹುಚ್ಚು ಹಿಡದೈತೋ ಏನೋ ಯಕ್ಕಾ. ನಿನ್ನ ಕಡಿ ಬರಾಕ ನನ್ನ ಮೈ ಒಲ್ಲೆ ಅನ್ನಾಕತ್ತೈತಿ."

"ಇಲ್ಲಿಗೆ ಬರೂವಾಗ ಡಿಕ್ಕಿಯೊಳಗ ಏನಿರತೈತಿ?" ಎಂದು ಕೇಳಿದಳು ಗುರವ್ವ.

"ಏನಿಲ್ಲ."

"ತಿರುಗಿ ನಿಮ್ಮ ಮನಿಗೆ ಹೋಗೂವಾಗ?"

"ಎರಡು ಚೀಲ ಜೋಳ."

ಗುರವ್ವ ತಲೆಯ ಮೇಲಿನ ಸೆರಗು ಜಾರುವಂತೆ ನಕ್ಕಳು. "ಸಾಲಿ ಕಲತಾಕಿ, ಬಿ.ಎ. ಆದಾಕಿ! ಖಾಲಿ ಚಕ್ಕಡಿ ಒಗದಾಡತೈತಿ, ಹೇರಿದ ಚಕ್ಕಡಿ ಮೆತ್ತಗ ನಡೀತೈತಿ. ಮರತೇನ? ಅಪ್ಪ ನನ್ನ ಸವದತ್ತಿ ದವಾಖಾನಿಗೆ ಒಯ್ದಿದ್ದು?"

ಮರೆತಿರಲಿಲ್ಲ. ಅನ್ನಪೂರ್ಣಾಳಿಗೆ ಆಗ ಒಂಬತ್ತು ವರ್ಷ. ಗುರವ್ವನಿಗೆ ಚೊಚ್ಚಲ ಹೆರಿಗೆಯ ನೋವು, ಸೂಲಗಿತ್ತಿ ತಂಗೆವ್ವ ಕೈಚೆಲ್ಲಿದ್ದಳು. ಅಪ್ಪ ಮಾತ್ರ ಅಂಥ ಹೊತ್ತಿನಲ್ಲಿ ಚಕ್ಕಡಿಗೆ ಒಂದೊಂದಾಗಿ ನಾಲ್ಕು ಚೀಲ ಜೋಳ ಹೇರುತ್ತ ನಿಂತಿದ್ದ. "ಮಗಳು ಸಾಯಾಕತ್ತಾಳ, ಇಂವಗ ಪ್ಯಾಟಿ ಚಿಂತಿ," ಎಂದು ನೆರೆಯ ಶಟ್ಟೆವ್ವ ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಆ ಮಾತು ಹೃದಯದಲ್ಲಿ ಮುಳ್ಳಾಗಿ ಕುಳಿತಿತ್ತು. ಅಪ್ಪ ಸತ್ತ ದಿನವೂ, ಅಳುವಿನ ನಡುವೆ ಅವಳಿಗೆ ಆ ಚೀಲಗಳು ಕಂಡಿದ್ದವು.

"ಮಾರಾಕ ಒಯ್ದಿದ್ದಲ್ಲೇನು?" ಎಂದಳು ಮೆಲ್ಲಗೆ.

"ಎಲ್ಲಿದು ಮಾರೂದು? ನನ್ನ ಚೀಲದ ಮ್ಯಾಲ ಮಲಗಿಸಿ ಒಯ್ದ. ಮರುದಿನ ನಾಲ್ಕೂ ಚೀಲ ಹೆಂಗ ಹೋಗಿದ್ವೋ ಹಂಗ ತಿರುಗಿ ಬಂದ್ವು. ಇಳಸಾಕ ಆಳಿಲ್ಲಂತ ಒಬ್ಬನ ಇಳಿಸಿ, ಎಂಟು ದಿನ ನಡಾ ಹಿಡಕೊಂಡು ಮಲಗಿದ್ದ. ನಿನಗ ಯಾರೂ ಹೇಳಿಲ್ಲೇನು?"

ಯಾರೂ ಹೇಳಿರಲಿಲ್ಲ. ಅವಳೂ ಕೇಳಿರಲಿಲ್ಲ. ಅನ್ನಪೂರ್ಣಾ ಅಕ್ಕನ ಕೌದಿಯ ಅಂಚನ್ನು ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು.

ಗುರವ್ವ ಹೊರಗೆ ಕೇಳುವಂತೆ ಕೂಗಿದಳು: "ಮಾಸ್ತರ್ರ! ನಿಮ್ಮ ಗಾಡಿ ಹಸದೈತ್ರಿ. ಇಲ್ಲಿಗೆ ಬರೂವಾಗೂ ಅದಕ್ಕ ಎರಡು ಚೀಲ ತಿನಸ್ರಿ. ಇಲ್ಲಂದ್ರ ನನ್ನ ತಂಗಿ ನಡಾ ಮುರೀತೀರಿ."

ಮಾಸ್ತರರು ಬಾಗಿಲಿಗೆ ಬಂದರು. ಗುರವ್ವ ಹೇಳಿದ್ದನ್ನೆಲ್ಲ ನಿಂತೇ ಕೇಳಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಮೂರೂ ವಾರ ನೋವಾಗಿತ್ತೇನು?" ಎಂದರು.

ಅವಳು ಹೌದೆಂದು ತಲೆಯಾಡಿಸಿದಳು. ಅವರು ಕಟ್ಟೆಗೆ ಹೋಗಿ ಕುಳಿತು, ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿ ಬಹಳ ಹೊತ್ತು ಏನೂ ಬರೆಯದೆ ಪೆನ್ಸಿಲ್ ಹಿಡಿದಿದ್ದರು. ಮರುದಿನ ಶಟ್ಟೆಪ್ಪನಿಗೆ ಫೋನು ಮಾಡಿದರು.

"ಅಯ್ಯ ಮಾಸ್ತರ, ಅಕ್ಕಾರಿಗೆ ಬೆನ್ನು ನೋವು ಅಂತ ಒಂದು ಮಾತು ಅಂದಿದ್ರ ಬ್ಯಾರೆ ಹಾಕತಿದ್ನಲ್ರಿ!" ಎಂದು ಅವನು ಪೇಚಾಡಿದ್ದು ಅಡಿಗೆಮನೆಗೂ ಕೇಳಿಸಿತು. "ಮೆತ್ತಗಿನ ಸ್ಪ್ರಿಂಗ್ ತರಸ್ತೇನಿ. ಬರೂತನಕ ಚೀಲ ಇಟಗೊಂಡ ಅಡ್ಡಾಡ್ರಿ. ಅಕ್ಕಾರಿಗೆ ತಪ್ಪಾತು ಅಂತ ಹೇಳ್ರಿ."

ಮುಂದಿನ ಸೋಮವಾರ ಬೆಳಿಗ್ಗೆ ಪಕ್ಕದ ಮನೆಯ ನಿಂಗರಾಜ ಎರಡು ಚೀಲ ಎತ್ತಿ ಡಿಕ್ಕಿಗೆ ಇಟ್ಟ. "ಕಾಕಾರ, ಹಳ್ಳಿಯಿಂದ ಜೋಳ ಬರೂದು ನೋಡೇನಿ, ಹಳ್ಳಿಗೆ ಹೋಗೂದು ಇದ ಮೊದಲು," ಎಂದು ನಕ್ಕ. ಮಾಸ್ತರರು ನಗಲಿಲ್ಲ, ಚೀಲಗಳು ನಡುಮಧ್ಯೆ ಇವೆಯೇ ಎಂದು ಗೇಣು ಹಾಕಿ ನೋಡಿದರು. ಸವದತ್ತಿ ದಾಟಿದ ಮೇಲೆ, ಆ ಮೊದಲ ತಗ್ಗಿಗೆ ಅವರು ಹೆಂಗನಿಸಿತು ಎಂದು ಕೇಳಲಿಲ್ಲ. ಹಿಡಿಕೆಯ ಮೇಲಿದ್ದ ಅವಳ ಕೈಯನ್ನಷ್ಟೇ ನೋಡಿದರು. ಬೆರಳು ಸಡಿಲವಾಗಿದ್ದವು.

ಗುರವ್ವ ಅದೇ ಜಾಗದಲ್ಲಿ ಕುಳಿತಿದ್ದಳು. ಹೆಜ್ಜೆಯ ಸದ್ದಿಗೆ ಮುಖ ಎತ್ತಿ, "ವಾರಕ್ಕ ಇಪ್ಪತ್ತೊಂದ ಸಾಕವಾ," ಎಂದು ಸೂಜಿಯ ದಿಂಬನ್ನು ತಂಗಿಯ ಕಡೆ ಸರಿಸಿದಳು. ಅರವತ್ತಮೂರು ಸೂಜಿ ಸಾಲಾಗಿ ನಿಂತಿದ್ದವು. ಒಂದರಲ್ಲೂ ದಾರವಿರಲಿಲ್ಲ. ಎಳೆದು ತೆಗೆದ ದಾರಗಳನ್ನೆಲ್ಲ ಒಂದು ಸಣ್ಣ ಉಂಡೆಯಾಗಿ ಸುತ್ತಿ ಪಕ್ಕದಲ್ಲಿಟ್ಟಿದ್ದಳು.

ಅನ್ನಪೂರ್ಣಾ ಕುಳಿತು, ಉಂಡೆಯ ತುದಿ ಹುಡುಕಿ, ತುಟಿಗೆ ಒತ್ತಿ ಒದ್ದೆ ಮಾಡಿಕೊಂಡಳು.