ವಯಸ್ಸಿನಲ್ಲೂ ಬಟ್ಟೆ ಒಳಗೆ ಬಿಟ್ಟ ಟೈಲರ್

ಆ ಬೀದಿಯ ಮಕ್ಕಳನ್ನು ದೂರದಿಂದಲೇ ಗುರುತು ಹಿಡಿಯಬಹುದಿತ್ತು. ಎಲ್ಲರ ಅಂಗಿಯ ತೋಳೂ ಬೆರಳು ದಾಟಿ ಇಳಿದಿರುತ್ತಿತ್ತು, ಎಲ್ಲರ ಪ್ಯಾಂಟೂ ಪಾದದ ಹತ್ತಿರ ಎರಡು ಸುತ್ತು ಮಡಚಿರುತ್ತಿತ್ತು. ಇದೆಲ್ಲ ಬೀದಿಯ ಟೈಲರ್ ಮಹಾಶಯನ ಕೈವಾಡ. "ಬೆಳೆಯೋ ಮಕ್ಕಳು. ಒಳಗೆ ಎರಡು ಇಂಚು ಬಟ್ಟೆ ಬಿಟ್ಟಿದ್ದೀನಿ, ಬೇಕಾದಾಗ ಬಿಚ್ಕೊಳ್ಳಿ" ಎನ್ನುವುದು ಅವನ ಮಾಮೂಲಿ ಮಾತು. ಸ್ವಂತ ಮಗನಿಗೂ ವಿನಾಯಿತಿ ಇರಲಿಲ್ಲ. ಶಾಲೆಯ ಓಟದಲ್ಲಿ ಆ ಹುಡುಗ ಒಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ಓಡಿ ಮೊದಲು ಬಂದಿದ್ದ. ಸಣಕಲು ಮೈಯವನಾದ್ದರಿಂದ ಬೀದಿಯವರೆಲ್ಲ ಅವನನ್ನು ದಾರ ಎಂದೇ ಕರೆಯುತ್ತಿದ್ದರು.

ಈಗ ದಾರ ಸಾವಿರದ ಐನೂರು ಮೀಟರ್ ಓಟಗಾರ. ಅಂದರೆ ಮೈದಾನಕ್ಕೆ ಮೂರು ಮುಕ್ಕಾಲು ಸುತ್ತು. ಅಂತರರಾಷ್ಟ್ರೀಯ ಜೂನಿಯರ್ ಕ್ರೀಡಾಕೂಟಕ್ಕೆ ಆಯ್ಕೆಯೂ ಆಗಿದ್ದ. ಇಪ್ಪತ್ತು ತುಂಬದವರಿಗಾಗಿ ಎರಡು ವರ್ಷಕ್ಕೊಮ್ಮೆ ನಡೆಯುವ ಕೂಟ ಅದು. ಕೋಚ್ ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು: "ಹತ್ತು ದಿನದೊಳಗೆ ಜನನ ಪ್ರಮಾಣಪತ್ರ ಬೇಕು. ತರದಿದ್ರೆ ನಿನ್ನ ಜಾಗದಲ್ಲಿ ಬೇರೆಯವನು ಹೋಗ್ತಾನೆ."

"ಅಷ್ಟೇನಾ?" ಎಂದ ಟೈಲರ್. "ಶಾಲೆ ದಾಖಲೆ ಇದೆಯಲ್ಲ. ಅದನ್ನೇ ತೋರಿಸಿ ಹೊಸದಾಗಿ ಒಂದು ಮಾಡಿಸಿದ್ರಾಯ್ತು."

ಅದೇ ಹೊತ್ತಿಗೆ ಪಕ್ಕದ ಮನೆಯ ನರ್ಸಮ್ಮ ಅಂಗಡಿಗೆ ಬಂದರು. ಅವರ ಕೈಯಲ್ಲಿ ಇದೇ ಟೈಲರ್ ಹೊಲಿದ ಬಿಳಿ ಕೋಟು ಇತ್ತು. ಅದರೊಳಗೆ ಇನ್ನೊಬ್ಬ ನರ್ಸನ್ನು ಆರಾಮಾಗಿ ಕೂರಿಸಬಹುದಿತ್ತು. ಕೋಟನ್ನು ಮೇಜಿನ ಮೇಲಿಟ್ಟು, ಅಲ್ಲಿದ್ದ ಶಾಲೆಯ ದಾಖಲೆಯತ್ತ ಕಣ್ಣು ಹಾಯಿಸಿದರು.

"ಇದೇನು ಟೈಲರಣ್ಣ, ಈ ತಾರೀಖಿನ ಪ್ರಕಾರ ದಾರನಿಗೆ ಬರೀ ಹದಿನೇಳು? ಹೆರಿಗೆ ಮಾಡಿಸಿದ್ದೇ ನಾನು. ನಾನು ಕೆಲಸಕ್ಕೆ ಸೇರಿದ ವಾರ ಅದು. ಲೆಕ್ಕ ಹಾಕಿ, ಹತ್ತೊಂಬತ್ತು!"

"ಸ್ವಲ್ಪ ಮೆತ್ತಗೆ ಮಾತಾಡಿ ತಾಯಿ!" ಟೈಲರ್ ಬಾಗಿಲತ್ತ ನೋಡಿದ. "ಶಾಲೆಗೆ ಸೇರಿಸುವಾಗ ಎರಡು ವರ್ಷ ಒಳಗೆ ಬಿಟ್ಟೆ."

"ಒಳಗೆ ಬಿಟ್ರಾ? ಅದೇನು ಚಡ್ಡೀನಾ?"

"ಬೆಳೆಯೋ ಹುಡುಗ ಅಲ್ವಾ? ಮುಂದಕ್ಕೆ ಬೇಕಾಗುತ್ತೆ ಅಂದ್ಕೊಂಡೆ. ಈಗ ನೋಡಿ, ಬೇಕಾಯ್ತು! ಈ ಸಲ ಸೋತ್ರೂ ಎರಡು ವರ್ಷ ಬಿಟ್ಟು ಇನ್ನೊಂದು ಸಲ ಓಡ್ಬಹುದು."

ಒಳಗಿನಿಂದ ಹೆಂಡತಿ ಕೂಗಿದಳು, "ಅದಕ್ಕೇ ನಮ್ಮನೇಲಿ ಹುಟ್ಟಿದ ಹಬ್ಬ ಎರಡೆರಡು! ಒಂದಕ್ಕೂ ಸಿಹಿ ಇಲ್ಲ!"

ನರ್ಸಮ್ಮ ಸ್ಟೂಲು ಎಳೆದು ಕೂತರು. "ಕೇಳಿ ಇಲ್ಲಿ. ಹತ್ತೊಂಬತ್ತಾದ್ರೂ ಈ ಸಲ ಓಡೋಕೆ ಅವನಿಗೆ ಅವಕಾಶ ಇದೆ. ನಿಮ್ಮ ಸುಳ್ಳಿನಿಂದ ಈಗ ಏನೂ ಲಾಭ ಇಲ್ಲ. ಆದ್ರೆ ಆಸ್ಪತ್ರೆ ಪುಸ್ತಕದಲ್ಲಿ ಒಂದು ತಾರೀಖು, ಶಾಲೇಲಿ ಇನ್ನೊಂದು. ಕೂಟದವರು ಎರಡನ್ನೂ ತಾಳೆ ನೋಡ್ತಾರೆ. ಸಿಕ್ಕಿಬಿದ್ರೆ ಈ ಓಟವೂ ಇಲ್ಲ, ಮುಂದಿನದೂ ಇಲ್ಲ. ಗೆದ್ದಿದ್ರೂ ಪದಕ ವಾಪಸ್ ತಗೊಳ್ತಾರೆ."

"ಸಿಕ್ಕಿಬೀಳದಿದ್ರೆ?"

"ಆಗ ಎರಡು ವರ್ಷ ಬಿಟ್ಟು ಇಪ್ಪತ್ತೊಂದರ ಕೋಣ ಹದಿನೆಂಟರ ಹುಡುಗರ ಮಧ್ಯೆ ನುಗ್ಗುತ್ತೆ. ಒಬ್ಬ ಹುಡುಗ ನ್ಯಾಯವಾಗಿ ಗೆಲ್ಲಬೇಕಾದ್ದನ್ನ ಕಳ್ಕೊಳ್ತಾನೆ. ಅವನಿಗೂ ಒಬ್ಬ ಅಪ್ಪ ಇರ್ತಾನೆ ಟೈಲರಣ್ಣ."

ಟೈಲರ್ ಕತ್ತರಿ ಎತ್ತಿದ, ಇಳಿಸಿದ. ಬಾಗಿಲಲ್ಲಿ ನಿಂತಿದ್ದ ದಾರ ಹೇಳಿದ, "ಅಪ್ಪ, ನಾನು ಈ ಸಲವೇ ಓಡ್ತೀನಿ. ಸೋತ್ರೆ ಸೋಲ್ತೀನಿ. ಇನ್ನೊಂದು ಸಲ ಇದೆ ಅಂತ ಮನಸ್ಸಲ್ಲಿದ್ರೆ ಕೊನೇ ಸುತ್ತಲ್ಲಿ ಕಾಲು ಏಳಲ್ಲ."

ನಿಜ ಹೇಳಬೇಕೆಂದರೆ ಟೈಲರ್‌ಗೆ ಭಯವಾಗಿತ್ತು. ಮಗ ಸೋತು ಬಂದರೆ ಅವನ ಮುಖ ನೋಡುವ ಧೈರ್ಯ ತನಗಿಲ್ಲ ಎಂಬ ಭಯ. ಅದಕ್ಕೇ ಇಷ್ಟು ವರ್ಷ ಎಲ್ಲದರಲ್ಲೂ ಒಂದಿಷ್ಟು ಒಳಗೆ ಬಿಡುತ್ತಾ ಬಂದಿದ್ದ. "ಸರಿ," ಎಂದ ಕೊನೆಗೆ. "ಏನು ಮಾಡ್ಬೇಕು?"

"ಹುಟ್ಟಿದ್ದನ್ನ ಆಸ್ಪತ್ರೆಯವರು ಆಗಲೇ ನೋಂದಣಿ ಕಚೇರಿಗೆ ತಿಳಿಸಿರ್ತಾರೆ. ನೀವು ಹೋಗಿ ಪತ್ರ ತಂದಿಲ್ಲ, ಅಷ್ಟೇ. ಆವತ್ತು ನಾನೇ ಒಂದು ಚೀಟಿ ಕೊಟ್ಟಿದ್ದೆನಲ್ಲ, ನಂಬರ್ ಇದ್ದದ್ದು. ಎಲ್ಲಿದೆ ಅದು?"

ಟೈಲರ್ ಗೋಡೆಯತ್ತ ಕಳ್ಳನೋಟ ಬೀರಿದ. "ಅದು ಒಳ್ಳೇ ದಪ್ಪ ಕಾಗದ..." ಎಂದು ತಡವರಿಸಿದ. ಹೆಂಡತಿ ಹೊರಗೆ ಬಂದು ಅವನನ್ನೇ ದುರುಗುಟ್ಟಿ ನೋಡಿದಳು. "ರೀ. ಕತ್ತರಿಸಿದ್ರಾ?"

ಕತ್ತರಿಸಿದ್ದ. ಗೋಡೆಯ ಮೊಳೆಗೆ ಅಳತೆಯ ಕಾಗದಗಳ ಗೊಂಚಲೇ ನೇತಾಡುತ್ತಿತ್ತು. ತೋಳು, ಜೇಬು, ಕಾಲರ್, ಎಲ್ಲಕ್ಕೂ ಒಂದೊಂದು ಅಚ್ಚು. ನಾಲ್ವರೂ ನೆಲದ ಮೇಲೆ ಹರಡಿಕೊಂಡು ಹುಡುಕಿದರು. ಕೊನೆಗೆ ಹೆಂಡತಿಗೆ ಒಂದು ಕಾಲರ್ ಸಿಕ್ಕಿತು. ಅದರ ಒಂದು ತುದಿಯಲ್ಲಿ ಆಸ್ಪತ್ರೆಯ ಮುದ್ರೆ, ಇನ್ನೊಂದು ತುದಿಯಲ್ಲಿ ನಂಬರ್.

"ಹತ್ತೊಂಬತ್ತು ವರ್ಷದಿಂದ ನನ್ನ ಮಗನ ಜಾತಕ ಊರವರ ಕುತ್ತಿಗೆಗೆಲ್ಲ ಸುತ್ತಿದ್ದೀರಲ್ರೀ!" ಎಂದಳು. ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮರುದಿನ ಟೈಲರ್ ಆ ಕಾಲರನ್ನೇ ಹಿಡಿದು ನೋಂದಣಿ ಕಚೇರಿಗೆ ಹೋದ. ಗುಮಾಸ್ತ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಉಳಿದ ಶರ್ಟ್ ಎಲ್ಲಿ?" ಎಂದು ಕೇಳಿದ. ನಂಬರ್ ಮಾತ್ರ ಸರಿಯಾಗಿತ್ತು, ಪ್ರಮಾಣಪತ್ರ ಸಿಕ್ಕಿತು. ಅಲ್ಲಿಂದ ಶಾಲೆಗೆ ಹೋಗಿ, ಹೆಡ್ ಮಾಸ್ತರ ಮುಂದೆ ಕೈಕಟ್ಟಿ ನಿಂತು, "ಆವತ್ತು ತಪ್ಪು ತಾರೀಖು ಹೇಳಿದವನು ನಾನೇ, ಹುಡುಗನದೇನೂ ತಪ್ಪಿಲ್ಲ" ಎಂದು ಒಪ್ಪಿಕೊಂಡು ಬರೆದುಕೊಟ್ಟ. ಅರ್ಜಿ, ಸಹಿ, ಮೊಹರು ಎಂದು ಅಲೆದಲೆದು ಚಪ್ಪಲಿ ಸವೆಯಿತು. ಒಂಬತ್ತನೆಯ ದಿನ ಎರಡು ಕಾಗದವೂ ಒಂದೇ ತಾರೀಖು ಹೇಳಿದವು.

ಓಟದ ದಿನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮೇಲೆ ನರ್ಸಮ್ಮನ ಮೊಬೈಲು ನಿಲ್ಲಿಸಿಕೊಂಡು ಎಲ್ಲರೂ ನೋಡಿದರು. ಎರಡು ಸುತ್ತು ದಾರ ಗುಂಪಿನ ನಡುವೆ ಸಿಕ್ಕಿಕೊಂಡಿದ್ದ. ಟೈಲರ್ ಕೂತಲ್ಲೇ ಯಂತ್ರದ ಪೆಡಲು ತುಳಿಯತೊಡಗಿದ, ಮೊಬೈಲು ಕುಣಿಯಿತು, ಹೆಂಡತಿ ಅವನ ಮೊಣಕಾಲಿಗೆ ಒಂದು ಬಿಟ್ಟಳು. ಕೊನೆಯ ಸುತ್ತಿನಲ್ಲಿ ದಾರ ಹೊರಗಿನಿಂದ ನುಗ್ಗಿ ಒಬ್ಬೊಬ್ಬರನ್ನೇ ದಾಟಿದ. ನಾಲ್ಕನೆಯವನಾಗಿ ಗೆರೆ ಮುಟ್ಟಿದ. ಪದಕ ಕೂದಲೆಳೆಯಲ್ಲಿ ತಪ್ಪಿತು.

ಸ್ವಲ್ಪ ಹೊತ್ತಿಗೆ ಫಲಿತಾಂಶದ ಪಟ್ಟಿ ಬಂತು. ಹೆಂಡತಿ ನಾಲ್ಕನೆಯ ಸ್ಥಾನ ನೋಡಿದಳು. ನರ್ಸಮ್ಮ ಸಮಯ ನೋಡಿದರು. ಟೈಲರ್ ಹೆಸರಿನ ಪಕ್ಕದ ಹುಟ್ಟಿದ ತಾರೀಖು ನೋಡಿದ. ಜಗತ್ತೆಲ್ಲ ಓದುವ ಜಾಗದಲ್ಲಿ ಮಗನ ನಿಜವಾದ ತಾರೀಖು ಇತ್ತು. ಅವನಿಗೆ ಅಳು ತಡೆಯಲಾಗಲಿಲ್ಲ.

ದಾರನ ಫೋನು ಬಂತು. "ಅಪ್ಪ, ನಾಲ್ಕನೇದು. ಬೇಜಾರಾಯ್ತಾ?"

"ಇಲ್ಲ ಕಣೋ. ಬೇಗ ಬಾ. ಮುಂದಿನ ವರ್ಷದಿಂದ ದೊಡ್ಡವರ ಜೊತೆ ಓಡ್ಬೇಕಲ್ಲ, ಹೊಸ ಚಡ್ಡಿಗೆ ಅಳತೆ ತಗೋಬೇಕು. ಈ ಸಲ ಒಂದು ಇಂಚೂ ಒಳಗೆ ಬಿಡಲ್ಲ."

ಈಗ ನಿಮ್ಮ ಮನೆಯ ವಿಷಯ ಹೇಳಿ. ಮಗುವಿನ ಜನನ ಪ್ರಮಾಣಪತ್ರ ತಂದಿದ್ದೀರಾ? ಇಲ್ಲವೆಂದರೆ ನಾಳೆಯೇ ನೋಂದಣಿ ಕಚೇರಿಗೆ ಹೋಗಿ. ಶಾಲೆಗೆ ಸೇರಿಸುವಾಗ ಅದರಲ್ಲಿರುವ ತಾರೀಖನ್ನೇ ಹೇಳಿ. ಆಗಲೇ ತಪ್ಪು ಹೇಳಿಬಿಟ್ಟಿದ್ದರೆ ನಾಚಿಕೆ ಬೇಡ, ಹೋಗಿ ತಿದ್ದಿಸಿ. ಮಗುವಿನ ಅಂಗಿಯಲ್ಲಿ ಬೇಕಾದಷ್ಟು ಬಟ್ಟೆ ಒಳಗೆ ಬಿಡಿ, ವಯಸ್ಸಿನಲ್ಲಿ ಮಾತ್ರ ಬಿಡಬೇಡಿ. ಓಡುವ ಮಕ್ಕಳು ಅದನ್ನು ಎಡವಿ ಬೀಳುತ್ತಾರೆ.