ದಪ್ಪ ಪಿನ್ನು

ನಮ್ಮಣ್ಣನಿಗೆ ಬುದ್ಧಿ ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಇದ್ದದ್ದು ಅತಿಬುದ್ಧಿ. ನಮ್ಮ ಕಾರ್ಖಾನೆಯ ಟ್ರ್ಯಾಕ್ಟರಿನ ಹಿಂದೆ ನೇಗಿಲು ಸಿಕ್ಕಿಸುವ ಕೊಂಡಿ ಇರುತ್ತದಲ್ಲ, ಅದರ ಪಿನ್ನನ್ನು ಬೇಕೆಂದೇ ದಪ್ಪ ಮಾಡಿಸಿದ. ಬೇರೆಯವರ ಸಲಕರಣೆ ಯಾವುದೂ ಅದಕ್ಕೆ ಕೂರಬಾರದು.

"ಟ್ರ್ಯಾಕ್ಟರ್ ಒಂದೇ ಸಲ ಕೊಳ್ತಾರೆ. ನೇಗಿಲು, ಕೂರಿಗೆ, ಕುಂಟೆ ಅಂತ ಸಾಯೋವರೆಗೂ ನಮ್ಮ ಬಾಗಿಲಿಗೇ ಬರ್ಬೇಕು," ಎಂದು ನಗುತ್ತಿದ್ದ.

ನಕ್ಷೆ ಬರೆಯುವವನು ನಾನು. ಬೇಡ ಕಣಣ್ಣ, ಎಲ್ಲರ ಸಲಕರಣೆಯೂ ಕೂರೋ ಅಳತೆಗೇ ಮಾಡೋಣ ಎಂದೆ. "ನೀನು ಗೆರೆ ಎಳಿ, ವ್ಯಾಪಾರ ನಾನು ನೋಡ್ಕೋತೀನಿ," ಎಂದ.

ಕೆಲವು ವರ್ಷ ದುಡ್ಡು ಬಂತು, ಸುಳ್ಳೇಕೆ ಹೇಳಲಿ. ಆಮೇಲೆ ಎದುರಾಳಿ ಕಂಪನಿಯವರು ತಮ್ಮ ಕೊಂಡಿಯ ಅಳತೆಯನ್ನು ಕೇಳಿದವರಿಗೆಲ್ಲ ಹಂಚಿಬಿಟ್ಟರು. ಬೀದಿಬೀದಿಯ ವೆಲ್ಡಿಂಗ್ ಅಂಗಡಿಯವರೂ ಆ ಅಳತೆಗೇ ನೇಗಿಲು ಮಾಡತೊಡಗಿದರು. ಉಳಿದ ಕಂಪನಿಗಳೂ ಅದನ್ನೇ ಹಿಡಿದವು. ನಮ್ಮ ಅಂಗಳದಲ್ಲಿ ಮಾರಾಟವಾಗದ ಟ್ರ್ಯಾಕ್ಟರುಗಳು ಸಾಲುಗಟ್ಟಿದವು. ಜಪ್ಪಯ್ಯ ಎಂದರೂ ಅಣ್ಣ ಬಗ್ಗಲಿಲ್ಲ.

ಅಷ್ಟರಲ್ಲಿ ನಮ್ಮ ತಂಗಿಯ ಮನೆಗೇ ಆ ಕಂಪನಿಯ ಟ್ರ್ಯಾಕ್ಟರ್ ಬಂತೆಂಬ ಸುದ್ದಿ. ಅಣ್ಣ ಉರಿದುಬಿದ್ದು ನನ್ನನ್ನೂ ಎಳೆದುಕೊಂಡು ಹೊರಟ.

"ಒಡಹುಟ್ಟಿದವಳೇ ಹೀಗೆ ಮಾಡಿದ್ರೆ ಜನ ನನ್ನ ಮುಖಕ್ಕೆ ಉಗಿಯಲ್ವೇನೇ?"

ತಂಗಿ ಒದ್ದೆ ಕೈ ಒರೆಸಿಕೊಳ್ಳುತ್ತ ಹೊರಬಂದಳು. "ಬಿತ್ತೋ ಹೊತ್ತಲ್ಲೇ ನಿಮ್ಮ ಕೂರಿಗೆ ಮುರೀತು. ಇಲ್ಲಿ ಎಲ್ಲರೂ ಒಬ್ಬರಿಗೊಬ್ಬರು ಕೊಟ್ಟು ತಗೊಂಡೇ ಬಿತ್ತೋದು. ಪಕ್ಕದ ಹೊಲದೋರು ತಾವಾಗೇ ತಮ್ಮದು ತಂದುಕೊಟ್ರು. ನಿನ್ನ ಪಿನ್ನಿಗೆ ಅದು ಕೂರಲಿಲ್ಲ. ನಮ್ಮನೆಯವರು ಸುತ್ತಿಗೆ ಹಿಡಿದು ಬಡಿದೂ ಬಡಿದೂ ಕೊನೆಗೆ ಅಳ್ತಾ ಕೂತ್ರು. ಮಣ್ಣಿನ ಹದ ಆರಿಹೋಯ್ತು, ಹೊಲ ಬೀಳು ಬಿತ್ತು."

"ನಂಗೊಂದು ಮಾತು ಹೇಳಿದ್ರೆ ಹೊಸ ಕೂರಿಗೆ ಬಿಟ್ಟಿ ಕಳಿಸ್ತಿದ್ನಲ್ಲೇ!"

"ಫೋನ್ ಮಾಡಿದ್ದೆ. ಬೇರೆಯೋರದ್ದು ಯಾಕೆ ಸಿಕ್ಕಿಸೋಕೆ ಹೋದ್ರಿ ಅಂತ ನಂಗೇ ಬೈದು ಇಟ್ಟೆ."

ಕೂತು ಹೋಗಿ ಎಂದು ಅವಳು ಬಾಯಿಮಾತಿಗೂ ಅನ್ನಲಿಲ್ಲ.

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಅಣ್ಣ ಮೆಲ್ಲಗೆ, "ನಾಳೆಯಿಂದ ನೀನು ಹೇಳಿದ ಅಳತೆಗೇ ಮಾಡೋಣ ಕಣೋ," ಎಂದ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಒಂದು ಮಾತಿಗಾಗಿ ವರ್ಷಗಟ್ಟಲೆ ಅಂಗಲಾಚಿದ್ದೆ. ಈಗ ಕೇಳಿ ಮೈಯೆಲ್ಲ ಉರಿಯಿತು.

"ಮಾಡ್ತೀನಣ್ಣ," ಎಂದೆ. "ಯಾರಿಗೆ ಮಾರ್ತೀಯ? ತಂಗಿನೇ ಕೊಳ್ಳಲಿಲ್ಲ."